ಎದುರು ಮಾತಾಡದ ಗಿಡಗಳು

ಮೈಸೂರು
14 ನವೆಂಬರ್ 1997

ಚಿ. ಸೌ. ಶಿಲ್ಪಶ್ರೀಗೆ ನಿನ್ನ ತಂದೆ ಸದಾಶಿವಯ್ಯ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನೂ ಅಳಿಯಂದಿರಾದ ಮಹದೇವಪ್ರಸಾದರೂ ದಾವಣಗೆರೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಅಮ್ಮ ವಾರಕ್ಕೊಮ್ಮೆ ಬೂತಿನಿಂದ ನಿನ್ನ ಶಾಲೆಗೆ ಫೋನ್ ಮಾಡುವಾಗ ನಾನು ಗಾಜಿನ ಬಾಗಿಲ ಆಚೆ ನಿಂತಿರುತ್ತೇನೆ. ಗಂಟಲಿನ ಪೆಟ್ಟಿಗೆಯನ್ನೇ ತೆಗೆದ ಮೇಲೆ ಫೋನಿನಲ್ಲಿ ನಾನು ಮಾಡುವುದೇನಿದೆ? ಅದಕ್ಕೇ ಈ ಕಾಗದ. ಆಪರೇಷನ್ ಆಗಿ ಮೂರು ತಿಂಗಳಾಯಿತು. ಕತ್ತಿನ ತೂತು ಒಣಗಿದೆ, ಉಸಿರು ಅಲ್ಲಿಂದಲೇ ಆಡುತ್ತದೆ. ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತೇನೆ.

ಇಪ್ಪತ್ತೆಂಟು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗಿದವನು ನಾನು. ಹುಣಸೆಮರದ ಕೆಳಗೆ ಕೂತವರಿಗೂ ಕೇಳಿಸುತ್ತಿತ್ತು. ಈಗ ಹಾಲಿನವನಿಗೆ ‘ಅರ್ಧ ಲೀಟರ್ ಸಾಕು’ ಎನ್ನಲು ಸ್ಲೇಟು ಹಿಡಿಯಬೇಕು. ಹೋದ ಸೋಮವಾರ ನಾನು ಸ್ಲೇಟಿನ ಮೇಲೆ ಬರೆದದ್ದನ್ನು ನಿನ್ನ ಅಮ್ಮ ತಪ್ಪು ಓದಿಕೊಂಡಳು ಅಂತ ಅದನ್ನು ಗೋಡೆಗೆ ಎಸೆದೆ. ಒಡೆಯಿತು. ಅವಳೇ ಅಂಗನವಾಡಿ ಕೆಲಸದಿಂದ ಬರುವಾಗ ಹೊಸದು ತಂದಳು.

ಅವಳು ಬೆಳಿಗ್ಗೆ ಹೋದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ನಾನೊಬ್ಬನೇ. ಕೆಳಗಿನ ಮನೆಯವರು ವರ್ಗವಾಗಿ ಹೋದರಲ್ಲ, ಅವರು ಮೆಟ್ಟಿಲ ಮೇಲೆ ಒಂದು ಡಾಲ್ಡಾ ಡಬ್ಬಿ ಬಿಟ್ಟುಹೋಗಿದ್ದರು. ಅದರಲ್ಲಿ ಒಂದು ಮನಿಪ್ಲಾಂಟು, ನಾಲ್ಕೇ ಎಲೆ, ಮೂರು ಹಳದಿ. ಬಿಸಾಕೋಣ ಅಂತಲೇ ಎತ್ತಿಕೊಂಡೆ. ಯಾಕೋ ಲೋಟದಲ್ಲಿ ಉಳಿದಿದ್ದ ನೀರು ಹಾಕಿದೆ. ಮಾರನೆಯ ದಿನವೂ ಹಾಕಿದೆ. ಹನ್ನೊಂದನೆಯ ದಿನ ತೊಟ್ಟಿನ ಸಂದಿಯಿಂದ ಸಮನ್ಸ್ ಕಾಗದ ಸುತ್ತಿಟ್ಟ ಹಾಗೆ ಒಂದು ಹಸಿರು ಸುರುಳಿ ಹೊರಗೆ ಬಂತು. ಅದು ಬಿಚ್ಚಿಕೊಳ್ಳುವುದಕ್ಕೆ ಎರಡು ದಿನ ತೆಗೆದುಕೊಂಡಿತು. ಆ ಎರಡು ದಿನ ನಾನು ಕುರ್ಚಿ ಎಳೆದುಕೊಂಡು ಅದರ ಎದುರಿಗೇ ಕೂತಿದ್ದೆ ಅಂದರೆ ನೀನು ನಗುತ್ತೀಯ.

ಇದೆಲ್ಲ ಬರೆಯುವಂಥ ವಿಷಯವೇನಲ್ಲ. ಬೇರೆ ಸುದ್ದಿ ಇಲ್ಲ, ಅದಕ್ಕೆ ಬರೆದೆ.

ಇತಿ ಆಶೀರ್ವಾದಗಳು,
ಸದಾಶಿವಯ್ಯ


ದಾವಣಗೆರೆ
8 ಡಿಸೆಂಬರ್ 1997

ಪೂಜ್ಯ ತಂದೆಯವರಿಗೆ ಶಿಲ್ಪಶ್ರೀ ಮಾಡುವ ಶರಣಾರ್ಥಿಗಳು.

ನಿಮ್ಮ ಕಾಗದ ತಡವಾಗಿ ಕೈಸೇರಿತು. ಇಲ್ಲಿ ಎಲ್ಲರೂ ಕ್ಷೇಮ. ಶಾಲೆಯಲ್ಲಿ ಮೂರನೇ ತರಗತಿ ಕೊಟ್ಟಿದ್ದಾರೆ, ಐವತ್ತೆಂಟು ಮಕ್ಕಳು.

ಇನ್ನು ಮುಂದೆ ಕಾಗದಗಳನ್ನು ಶಾಲೆಯ ವಿಳಾಸಕ್ಕೇ ಬರೆಯಿರಿ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಸರಿಯಿಲ್ಲ.

ಸ್ಲೇಟು ಎಸೆಯಬೇಡಿ. ಅಮ್ಮನಿಗೂ ವಯಸ್ಸಾಗುತ್ತಿದೆ. ಗಿಡ ಬೆಳೆಸುತ್ತಿರುವುದು ಒಳ್ಳೆಯದು, ಹೊತ್ತು ಹೋಗುತ್ತದೆ.

ಶಿಲ್ಪಶ್ರೀ


ಮೈಸೂರು
20 ಜನವರಿ 1998

ಚಿ. ಸೌ. ಶಿಲ್ಪಶ್ರೀಗೆ ಆಶೀರ್ವಾದಗಳು.

ಐವತ್ತೆಂಟು ಮಕ್ಕಳ ನಡುವೆ ನಿನಗೆ ಬರೆಯಲು ಪುರಸೊತ್ತು ಎಲ್ಲಿಂದ ಬರಬೇಕು, ಅದಕ್ಕೇ ಕಾಗದ ಚಿಕ್ಕದು ಅಂತ ಅಮ್ಮನಿಗೆ ಬರೆದು ತೋರಿಸಿದೆ. ಅಳಿಯಂದಿರು ಸಂಕ್ರಾಂತಿಗೂ ಒಂದು ಸಾಲು ಬರೆಯಲಿಲ್ಲ. ವ್ಯಾಪಾರದ ಓಡಾಟ ಇರಬೇಕು.

ಈಗ ಒಂಬತ್ತು ಕುಂಡಗಳಾಗಿವೆ. ಕ್ರೋಟನ್ ಎರಡು, ಹಾವಿನ ಗಿಡ ಒಂದು, ಒಂದು ಜರಿಗಿಡ, ದೊಡ್ಡಪತ್ರೆ, ಮನಿಪ್ಲಾಂಟು ಕತ್ತರಿಸಿ ನೆಟ್ಟದ್ದು ಮೂರು. ಬಾಡಿಗೆಯ ಮಹಡಿ ಮನೆ, ಅಂಗಳ ಇಲ್ಲ. ಮುಂದಿನ ಕೋಣೆಯಲ್ಲೂ ಬಾಲ್ಕನಿಯಲ್ಲೂ ಜೋಡಿಸಿಕೊಂಡಿದ್ದೇನೆ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ಒರೆಸುತ್ತೇನೆ. ರಾಮಕೃಷ್ಣನಗರದಲ್ಲಿ ಈಗ ಎಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದಾರೆ, ಸಿಮೆಂಟಿನ ಧೂಳು ಬಂದು ಕೂರುತ್ತದೆ. ಒರೆಸಿದ ಮೇಲೆ ಕ್ರೋಟನ್ನಿನ ಕೆಂಪು ನರಗಳು ಎದ್ದು ಕಾಣುತ್ತವೆ. ನನಗೆ ಐವತ್ತಾರು ವರ್ಷ. ಒಂದು ಎಲೆಯನ್ನು ಇಷ್ಟು ಹತ್ತಿರದಿಂದ ಇದುವರೆಗೆ ನೋಡಿರಲಿಲ್ಲ.

ಬಿಗೋನಿಯ ಅಂತ ಇನ್ನೊಂದಿತ್ತು. ಅದನ್ನು ನಾನೇ ಕೊಂದೆ. ಕೆಲಸವಿಲ್ಲದಾಗಲೆಲ್ಲ ನೀರು ಹಾಕುತ್ತಿದ್ದೆ. ನನಗೆ ಕೆಲಸವಿಲ್ಲದ್ದು ದಿನಕ್ಕೆ ಹತ್ತು ಸಲ. ಬುಡ ಮೆತ್ತಗಾಗಿ ಕೊಳೆತು ಒಂದು ಬೆಳಿಗ್ಗೆ ಅಡ್ಡ ಮಲಗಿತ್ತು. ನರ್ಸರಿಯ ನಿಂಗಯ್ಯ ಅದನ್ನು ನೋಡಿ, “ಬಾಯಾರೈತಾ ಅಂತ ಮೊದ್ಲು ಮಣ್ಣಿಗೆ ಬೆರಳಾಕಿ ಕೇಳ್ಬೇಕು ಸ್ವಾಮಿ. ನಿಮ್ಗೆ ಬೇಜಾರಾಯ್ತು ಅಂತ ಅದುಕ್ಕೆ ನೀರುಯ್ದ್ರೆ ಎಂಗೆ?” ಅಂದ. ಕೋರ್ಟಿನಲ್ಲಿ ಯಾರಾದರೂ ಹಾಗೆ ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಆವತ್ತು ತಲೆಯಾಡಿಸಿ ಇನ್ನೊಂದು ಬಿಗೋನಿಯ ತಂದೆ.

ಮೂಗಿನಿಂದ ಗಾಳಿ ಹೋಗುವುದಿಲ್ಲವಾದ್ದರಿಂದ ನನಗೆ ವಾಸನೆ ಹತ್ತುವುದಿಲ್ಲ. ದೊಡ್ಡಪತ್ರೆ ಹಿಸುಕಿ ಅಮ್ಮನ ಮುಂದೆ ಹಿಡಿಯುತ್ತೇನೆ. ಅವಳು ಮೂಸಿ ‘ಚೆನ್ನಾಗಿದೆ’ ಅನ್ನುತ್ತಾಳೆ. ಅಷ್ಟೇ.

ನನ್ನ ಜೊತೆ ಕೋರ್ಟಿನಲ್ಲಿದ್ದ ಅಶ್ವತ್ಥ ಫೆಬ್ರವರಿ ಒಂಬತ್ತಕ್ಕೆ ಅಲ್ಲಿಗೆ ಮದುವೆಗೆ ಬರುತ್ತಿದ್ದಾನೆ. ಎರಡನೆಯ ಬಿಗೋನಿಯದ ಒಂದು ಎಲೆಯಿಂದಲೇ ಮರಿ ಎಬ್ಬಿಸಿದ್ದೇನೆ. ಅದನ್ನು ಅವನ ಕೈಲಿ ನಿಮ್ಮ ಮನೆಗೇ ಕಳಿಸುತ್ತೇನೆ.

ಸದಾಶಿವಯ್ಯ


ದಾವಣಗೆರೆ
6 ಫೆಬ್ರವರಿ 1998

ಪೂಜ್ಯ ತಂದೆಯವರಿಗೆ ಶರಣಾರ್ಥಿಗಳು.

ಕಾಗದ ಇವತ್ತು ತಲುಪಿತು. ಅಶ್ವತ್ಥ ಮಾಮನವರು ಮನೆಗೆ ಹೋಗುವುದು ಬೇಡ. ಶಾಲೆಗೇ ಬರಲಿ, ಹತ್ತರಿಂದ ನಾಲ್ಕೂವರೆವರೆಗೆ ಇಲ್ಲೇ ಇರುತ್ತೇನೆ. ಮನೆಯಲ್ಲಿ ಸುಣ್ಣ ಬಣ್ಣ ನಡೆಯುತ್ತಿದೆ, ಕೂರಿಸಲು ಜಾಗವಿಲ್ಲ. ಈ ಕಾಗದ ಅವರು ಹೊರಡುವ ಮುಂಚೆ ನಿಮಗೆ ಸಿಗಲಿ.

ಶಿಲ್ಪಶ್ರೀ


ಮೈಸೂರು
2 ಮಾರ್ಚ್ 1998

ಚಿ. ಶಿಲ್ಪಶ್ರೀಗೆ ಆಶೀರ್ವಾದಗಳು.

ಅಶ್ವತ್ಥನ ಪ್ರಯಾಣ ರದ್ದಾಯಿತು. ಬಿಗೋನಿಯ ಇಲ್ಲೇ ಇದೆ.

ಈ ತಿಂಗಳು ಕೆಲವು ಗಿಡಗಳ ಕುಂಡ ಬದಲಾಯಿಸಿದೆ. ಒಂದು ಮಾತು ಬರೆಯುತ್ತೇನೆ. ಗಿಡವನ್ನು ಬೇರೆ ಮಣ್ಣಿಗೆ ಇಟ್ಟಾಗ ಎಂಟು ಹತ್ತು ದಿನ ಅದು ಬಾಡಿಕೊಂಡೇ ಇರುತ್ತದೆ. ನೋಡಿದವರಿಗೆ ಸತ್ತೇಹೋಯಿತು ಅನಿಸಬೇಕು. ಆಗ ಗೊಬ್ಬರ ಹಾಕಬಾರದು, ಬಿಸಿಲಿಗೆ ಎಳೆಯಬಾರದು, ಬೇರು ಹಿಡಿಯಿತೇ ಅಂತ ಕಿತ್ತು ನೋಡಬಾರದು. ನೆರಳಲ್ಲಿಟ್ಟು ಸುಮ್ಮನೆ ಹತ್ತಿರ ಇರಬೇಕು. ನನ್ನಂಥ ಅವಸರದ ಮನುಷ್ಯನಿಗೆ ಇದು ಕಷ್ಟ. ಕಲಿಯುತ್ತಿದ್ದೇನೆ.

ನೀನು ಊಟ ಸರಿಯಾಗಿ ಮಾಡುತ್ತಿದ್ದೀಯ ತಾನೇ? ಬೇಸಿಗೆ ರಜಕ್ಕೆ ಬಾ. ಒಬ್ಬಳೇ ಬಂದರೂ ಸರಿ.

ಸದಾಶಿವಯ್ಯ


ದಾವಣಗೆರೆ
30 ಏಪ್ರಿಲ್ 1998

ಅಪ್ಪ,

ರಜ ಶುರುವಾಗಿ ಇಪ್ಪತ್ತು ದಿನವಾಯಿತು, ನಾನು ಬರಲಿಲ್ಲ. ಯಾಕೆ ಅಂತ ನೀವು ಕೇಳಲೂ ಇಲ್ಲ. ಮಾರ್ಚಿನ ಕಾಗದವನ್ನು ಮೂರು ಸಲ ಓದಿದೆ. ಕುಂಡ, ಮಣ್ಣು, ಗೊಬ್ಬರ. ಕೊನೆಯಲ್ಲಿ ಊಟ ಮಾಡಿದೆಯಾ ಅಂತ ಒಂದು ಸಾಲು. ನಿಮ್ಮ ಮಗಳಾಗುವುದಕ್ಕಿಂತ ನಿಮ್ಮ ಮನೆಯಲ್ಲಿ ಕ್ರೋಟನ್ ಆಗಿದ್ದರೆ ಚೆನ್ನಾಗಿತ್ತು. ದಿನಾ ಒರೆಸುತ್ತಿದ್ದಿರಿ.

ನಾನು ಆ ಮನೆ ಬಿಟ್ಟು ಆರು ತಿಂಗಳಾಯಿತು, ದೀಪಾವಳಿಯಿಂದ. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ಲಿನಲ್ಲಿದ್ದೇನೆ. ನಿಮ್ಮ ಮೊದಲ ಕಾಗದ ಪಕ್ಕದ ಮನೆಯವರು ಶಾಲೆಗೆ ತಂದುಕೊಟ್ಟದ್ದು. ಸುಣ್ಣ ಬಣ್ಣ ಅಂದದ್ದೂ ಸುಳ್ಳು.

ಹರಿಹರದಲ್ಲಿ ಅವರಿಗೆ ಇನ್ನೊಂದು ಮನೆ ಇದೆ. ನಾಲ್ಕು ವರ್ಷದ ಹೆಣ್ಣುಮಗು ಇದೆ. ನಮ್ಮ ಮದುವೆಗಿಂತ ಮುಂಚಿನದು. ದೀಪಾವಳಿಯ ದಿನ ಆ ಮಗುವಿಗೆ ಅಂತ ತಂದಿದ್ದ ಲಂಗ ನನ್ನ ಕೈಗೆ ಸಿಕ್ಕಿತು. ಕೇಳಿದ್ದಕ್ಕೆ ಅವರು ಬಚ್ಚಿಡಲೂ ಇಲ್ಲ. “ಗೊತ್ತಿದ್ದೇ ಬಂದೆ ಅನ್ಕೊಂಡಿದ್ದೆ” ಅಂದರು.

ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ನಾನು ನಿಮಗೆ ಹೇಳಲಿಲ್ಲವೇ? ಹರಿಹರದ ವಿಷಯ ಏನೋ ಕೇಳಿಬಂದಿದೆ ಅಪ್ಪ, ಒಂದು ಸಲ ವಿಚಾರಿಸಿ ಅಂತ. ನೀವು ಏನಂದಿರಿ ನೆನಪಿದೆಯೇ? “ಇಪ್ಪತ್ತೆಂಟು ವರ್ಷ ಕೋರ್ಟಲ್ಲಿ ಜನ ನೋಡಿದೀನಿ. ನಂಗೆ ಮನುಷ್ಯರು ಗೊತ್ತಾಗಲ್ವಾ? ಬಾಯಿ ಮುಚ್ಕೊಂಡು ಸೀರೆ ಉಟ್ಕೊ!” ನಡುಮನೆಯಲ್ಲಿ ಕೂತಿದ್ದ ಗಂಡಿನ ಕಡೆಯವರಿಗೂ ಕೇಳಿಸಿತು. ಆ ದನಿಯ ಮುಂದೆ ನನ್ನ ದನಿ ಯಾವತ್ತು ಏಳುತ್ತಿತ್ತು?

ನಿಮ್ಮ ಗಂಟಲಿನ ಆಪರೇಷನ್ನಿಗೆ ಬಂದು ಎಂಟು ದಿನ ಇದ್ದೆನಲ್ಲ, ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಕೂತು ಒಂದು ಗಳಿಗೆ ನನಗೆ ಸಮಾಧಾನವಾಯಿತು. ಇನ್ನು ಇವರು ಕೂಗುವುದಿಲ್ಲ ಅಂತ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ. ಆದರೆ ಅದು ನಿಜ.

ಅಮ್ಮನಿಗೆ ಹೇಳಬೇಡಿ. ಉತ್ತರ ಬರೆಯಲೇಬೇಕೆಂದಿಲ್ಲ.

ಶಿಲ್ಪ


ಮೈಸೂರು
9 ಜುಲೈ 1998

ಮಗಳೇ,

ಎರಡು ತಿಂಗಳಲ್ಲಿ ಏಳು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನೀನು ಬರೆದದ್ದೆಲ್ಲ ನಿಜ. ಅಡುಗೆಮನೆಯ ಮಾತು ನನಗೆ ನೆನಪಿದೆ. ನೀನು ಬರೆಯದೆ ಬಿಟ್ಟದ್ದೂ ನೆನಪಿದೆ. ನೀನು ಆಮೇಲೆ ಅಳಲಿಲ್ಲ, ಮುಖ ತೊಳೆದುಕೊಂಡು ಸೀರೆ ಉಟ್ಟುಕೊಂಡು ಬಂದೆ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಹರಿಹರದ ಮಾತು ನೀನು ಹೇಳುವ ಮೊದಲೇ ನನ್ನ ಕಿವಿಗೆ ಬಿದ್ದಿತ್ತು. ನಿಶ್ಚಿತಾರ್ಥಕ್ಕೆ ಎಲ್ಲರನ್ನೂ ಕರೆದಾಗಿತ್ತು, ಮಠದ ಸ್ವಾಮಿಗಳು ಬರುತ್ತೇವೆ ಅಂದಿದ್ದರು. ಗಂಡಸರು ಮದುವೆಯಾದ ಮೇಲೆ ಸರಿಹೋಗುತ್ತಾರೆ ಅಂದುಕೊಂಡೆ. ಅಷ್ಟು ಜೋರಾಗಿ ಕೂಗಿದ್ದು ನನಗೇ ಕೇಳಿಸದಿರಲಿ ಅಂತ ಇರಬೇಕು.

ಇನ್ನೊಂದು ಸುಳ್ಳು. ಅಶ್ವತ್ಥ ಫೆಬ್ರವರಿಯಲ್ಲಿ ಅಲ್ಲಿಗೆ ಬಂದಿದ್ದ. ನಿನ್ನ ಕಾಗದ ನನಗೆ ಸಿಗುವ ಹೊತ್ತಿಗೆ ಅವನು ಹೊರಟುಹೋಗಿದ್ದ. ಆ ಮನೆಯ ಬಾಗಿಲು ತಟ್ಟಿದ್ದಾನೆ. ಪಕ್ಕದ ಮನೆಯಾಕೆ ವಿಷಯ ಹೇಳಿದ್ದಾಳೆ. ಕುಂಡವನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದ. ಮೆಟ್ಟಿಲ ಮೇಲೆ ನಿಂತು, “ಶಿಲ್ಪಮ್ಮ ಅಲ್ಲಿಲ್ಲ ಕಣಯ್ಯ, ದೀಪಾವಳಿಯಿಂದ ಇಲ್ವಂತೆ. ನಂಗೆ ಶಾಲೆ ಹತ್ರ ಹೋಗಕ್ಕೆ ಧೈರ್ಯ ಬರ್ಲಿಲ್ಲ, ವಾಪಸ್ ಬಂದ್ಬುಟ್ಟೆ” ಅಂದ. ನಿನ್ನ ಅಮ್ಮ ಒಳಗಿದ್ದಳು, ಕೈ ಹಿಡಿದು ಅವನನ್ನು ಸುಮ್ಮನಿರಿಸಿದೆ.

ಆವತ್ತೇ ಹೊರಟು ಬರಬೇಕಿತ್ತು. ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಂದು ಏನು ಮಾಡಲಿ? ಸ್ಲೇಟಿನಲ್ಲಿ ಏನಂತ ಬರೆಯಲಿ? ನೀನಾಗಿ ಬಚ್ಚಿಟ್ಟಿದ್ದನ್ನು ನಾನು ಎಳೆದು ನೋಡಬಾರದು ಅನಿಸಿತು. ಅದಕ್ಕೇ ಮಾರ್ಚಿನಲ್ಲಿ ಹಾಗೆ ಬರೆದೆ. ನೀನು ಅದನ್ನು ಗಿಡದ ಸುದ್ದಿ ಅಂದುಕೊಂಡೆ. ತಪ್ಪು ನಿನ್ನದಲ್ಲ. ನೇರವಾಗಿ ಬರೆಯುವುದು ನನಗೆ ಬರುವುದಿಲ್ಲ.

ಈಗ ನೇರವಾಗಿ ಬರೆಯುತ್ತೇನೆ. ನಾನು ನಿನಗೆ ಅನ್ಯಾಯ ಮಾಡಿದೆ. ಕ್ಷಮಿಸು ಅಂತ ಕೇಳುವುದಿಲ್ಲ. ಈ ಮನೆಗೆ ನೀನು ಯಾವಾಗ ಬಂದರೂ, ಯಾಕೆ ಬಂದೆ, ಎಷ್ಟು ದಿನ ಇರುತ್ತೀಯ ಅಂತ ಯಾರೂ ಕೇಳುವುದಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ. ಸ್ವಲ್ಪ ನೆಗಡಿ.

ಅಪ್ಪ


ದಾವಣಗೆರೆ
3 ಆಗಸ್ಟ್ 1998

ಅಪ್ಪ,

ನಿಮಗೆ ಮೊದಲೇ ಗೊತ್ತಿತ್ತು ಅನ್ನುವ ಸಾಲಿನ ಹತ್ತಿರ ಕಾಗದ ಮಡಚಿಟ್ಟೆ. ಮುಂದಿನದನ್ನು ಓದಿದ್ದು ನಾಲ್ಕು ದಿನದ ಮೇಲೆ. ಅದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಸಿಟ್ಟು ಹೋಗಿದೆ ಅಂತ ಬರೆದರೆ ಅದು ಇನ್ನೊಂದು ಸುಳ್ಳು.

ದಸರಾ ರಜಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಕೆಲಸ ಸಿಕ್ಕರೆ ಉಳಿಯುತ್ತೇನೆ. ಆ ಮನೆಗೆ ವಾಪಸು ಹೋಗು ಅಂತ ಯಾರೂ ಅನ್ನಕೂಡದು. ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡಕೂಡದು. ಅಮ್ಮನಿಗೆ ನೀವೇ ಹೇಳಿ. ಪೂರ್ತಿ ಹೇಳಿ, ನಿಮ್ಮ ಪಾಲಿನದನ್ನೂ ಸೇರಿಸಿ.

ಶಿಲ್ಪ


ಮೈಸೂರು
24 ಆಗಸ್ಟ್ 1998

ಮಗಳೇ,

ಅಮ್ಮನಿಗೆ ಹೇಳಿದೆ. ಸ್ಲೇಟು ಸಾಲದೆ ನೋಟ್ ಪುಸ್ತಕದಲ್ಲಿ ನಾಲ್ಕು ಪುಟ ಬರೆದು ಕೈಗೆ ಕೊಟ್ಟೆ. ಅವಳು ನಿಂತುಕೊಂಡೇ ಓದಿದಳು. ನನ್ನ ಪಾಲಿನ ಪುಟಕ್ಕೆ ಬಂದಾಗ ತಿರುಗಿಸಿ ಮತ್ತೊಂದು ಸಲ ಓದಿದಳು. ಆಮೇಲೆ ಬಾಲ್ಕನಿಗೆ ಹೋಗಿ ದೊಡ್ಡ ಕ್ರೋಟನ್ನಿನ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಮೆಟ್ಟಿಲ ಮೇಲಿಂದ ಕೆಳಕ್ಕೆ ಹಾಕಿದಳು. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು.

“ಇವು ಎದುರು ಮಾತಾಡಲ್ವಲ್ಲ, ಅದಕ್ಕೇ ಕಣ್ರೀ ನಿಮಗೆ ಇವು ಇಷ್ಟ” ಅಂದಳು. “ನಾನೂ ಮೂವತ್ತು ವರ್ಷ ಇವುಗಳ ಹಾಗೇ ಇದ್ದೆ. ನನ್ನನ್ನ ಯಾವತ್ತು ಒರೆಸಿದ್ರಿ?”

ಎರಡು ದಿನ ಮಾತಾಡಲಿಲ್ಲ. ಮನೆಯಲ್ಲಿ ಇಬ್ಬರೂ ಮೂಕರು. ನಾನು ಆ ಕ್ರೋಟನ್ನನ್ನು ಬಕೆಟ್ಟಿನಲ್ಲಿ ನಿಲ್ಲಿಸಿದ್ದೇನೆ, ಒಂದು ಕೊಂಬೆ ಮುರಿದಿದೆ. ಅವಳು ಹೇಳಿದ್ದನ್ನು ಯೋಚಿಸುತ್ತಿದ್ದೇನೆ. ಸ್ವಲ್ಪ ನಿಜವೇ ಇರಬೇಕು. ಆದರೆ ಪೂರ್ತಿ ನಿಜವಲ್ಲ ಅಂತ ಹೇಳಲು ನೋಡಿದೆ. ಅವು ಸುಮ್ಮನಿರುವುದಿಲ್ಲ ಶಿಲ್ಪ. ಬೇಕಾದದ್ದನ್ನೂ ಬೇಡವಾದದ್ದನ್ನೂ ಹೇಳುತ್ತಲೇ ಇರುತ್ತವೆ. ನಾನು ಬಾಯಿ ಮುಚ್ಚಿದ ಮೇಲೆ ಅದು ತಿಳಿಯಿತು. ಹೀಗಂತ ಅವಳಿಗೆ ಬರೆದು ತೋರಿಸಿದೆ. ಓದಿ, “ಈಗಲಾದ್ರೂ ತಿಳೀತಲ್ಲ” ಅಂತ ಒಳಗೆ ಹೋದಳು. ಸಂಜೆ ಅವಳು ಈರುಳ್ಳಿ ಹೆಚ್ಚುವಾಗ ನಾನೂ ಒಂದು ಚಾಕು ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಬೇಡ ಅನ್ನಲಿಲ್ಲ.

ದಸರಾಗೆ ಕಾಯುತ್ತಿದ್ದೇವೆ.

ಅಪ್ಪ

ಕಂದ, ಇವರ ಕತ್ತಿನ ಎಡಗಡೆ ಮತ್ತೆ ಗಂಟು ಎದ್ದಿದೆ. ಜೂನಿನಿಂದ ಇದೆ. ನೆಗಡಿ ಅಂತ ಬರೆದಿರ್ತಾರೆ, ನಂಗೊತ್ತು. ಅದಕ್ಕೇ ಅಂಟಿಸೋ ಮುಂಚೆ ಕಾಗದ ಕಿತ್ಕೊಂಡು ನಾನು ಬರೀತಿದೀನಿ. ನೀನು ಬಾ. ಯಾರಿಗೂ ಹೆದರಬೇಡ. ನಿನ್ನ ಅಮ್ಮ.


ಮೈಸೂರು
18 ಜನವರಿ 1999

ಅಪ್ಪ,

ನೀವೂ ಅಮ್ಮನೂ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ನಾಲ್ಕು ವಾರವಾಯಿತು. ಅಮ್ಮ ಫೋನಿನಲ್ಲಿ ‘ಗಂಟಿಗೆ ರೇಡಿಯೇಷನ್ ಕರೆಂಟು ಕೊಡ್ತಿದಾರೆ, ಊಟ ಸೇರ್ತಿಲ್ಲ’ ಅಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನೀವೇ ಬರೆಯಿರಿ.

ಇಲ್ಲಿ ನಾನು ಬದಲಿಯಾಗಿ ಸೇರಿದ ಶಾಲೆಯಲ್ಲಿ ಹೆರಿಗೆ ರಜದ ಮೇಲೆ ಹೋದ ಟೀಚರು ವಾಪಸು ಬರುವುದಿಲ್ಲವಂತೆ. ನನ್ನನ್ನೇ ಮುಂದುವರಿಸುತ್ತಾರೆ.

ನೀವು ಗೋಡೆಗೆ ಅಂಟಿಸಿ ಹೋದ ಗಿಡಗಳ ಪಟ್ಟಿ ನೋಡಿ ಮೊದಲ ವಾರ ನನಗೆ ಸಿಟ್ಟೇ ಬಂತು. ಇಪ್ಪತ್ತೆರಡು ಕುಂಡ! ಪಟ್ಟಿ ಪ್ರಕಾರ ಎರಡು ದಿನಕ್ಕೊಮ್ಮೆ ನೀರು ಹಾಕಿ ಕೈ ತೊಳೆದುಕೊಂಡೆ. ಜರಿಗಿಡ ಒಣಗಿ ಸುಟ್ಟ ಕಾಗದದ ಹಾಗೆ ಉದುರಿತು. ಈ ಚಳಿಗಾಳಿಗೆ ಅದಕ್ಕೆ ದಿನಾ ನೀರು ಬೇಕಿತ್ತು, ನಾನು ಮುಟ್ಟಿ ನೋಡಲಿಲ್ಲ. ಸತ್ತಿದೆ ಅಪ್ಪ. ಚಿಗುರುತ್ತದೆ ಅಂತ ಬರೆಯೋಣ ಅನಿಸಿತು, ಬರೆಯುವುದಿಲ್ಲ.

ಅದಾದ ಮೇಲೆ ದಿನಾ ಬೆಳಿಗ್ಗೆ ಒಂದೊಂದು ಕುಂಡಕ್ಕೂ ಬೆರಳು ಹಾಕಿ ನೋಡುತ್ತಿದ್ದೇನೆ. ಶಾಲೆಗೆ ಹೊರಡುವ ಮುಂಚೆ ಐದು ನಿಮಿಷ ಅಂತ ಶುರು ಮಾಡಿದ್ದು ಈಗ ಮುಕ್ಕಾಲು ಗಂಟೆಯಾಗುತ್ತಿದೆ. ಶುಕ್ರವಾರ ಬಿಗೋನಿಯದ ಎಲೆ ತಿರುಗಿಸಿ ನೋಡಿದೆ. ಮೇಲೆ ಹಸಿರು, ಕೆಳಗೆ ಹಸುಗೂಸಿನ ಕಿವಿಯ ಹಾಗೆ ಕೆಂಪು, ಸಣ್ಣ ಸಣ್ಣ ಕೂದಲು. ಅಷ್ಟು ಹೊತ್ತು ತಲೆಯಲ್ಲಿ ಬೇರೇನೂ ಇರಲಿಲ್ಲ. ಆ ಮನೆ ಬಿಟ್ಟ ಮೇಲೆ ಹಾಗೆ ಆದದ್ದು ಅದೇ ಮೊದಲು. ಮೊದಲ ಬಸ್ಸು ತಪ್ಪಿತು.

ಭಾನುವಾರ ಅವರು ಬಂದಿದ್ದರು. ಮಹದೇವಪ್ರಸಾದ್. ಕೆಳಗೆ ಗೇಟಿನ ಹತ್ತಿರ ನಿಂತು, “ಆದದ್ದಾಯ್ತು, ಬ್ಯಾಗ್ ತಗೊಂಡ್ ಬಾ, ಹಿರೇರನ್ನ ಯಾಕೆ ಸುಮ್ನೆ ನೋಯಿಸ್ತೀಯ” ಅಂದರು. ಕೈಯಲ್ಲಿ ನೀರಿನ ಚೊಂಬಿತ್ತು. ಮೇಲೆ ಬನ್ನಿ ಅನ್ನಲಿಲ್ಲ. “ನಾನು ಬರಲ್ಲ. ವಕೀಲ ರಾಮಸ್ವಾಮಿಯವರ ಹತ್ರ ಡೈವೋರ್ಸ್ ಅರ್ಜಿ ಬರೆಸಿದೀನಿ. ಹರಿಹರದಲ್ಲಿರೋ ಮಗೂನ ಚೆನ್ನಾಗಿ ನೋಡ್ಕೊಳ್ಳಿ, ಅದೇನು ತಪ್ಪು ಮಾಡಿಲ್ಲ” ಅಂದೆ. ಕೂಗಲಿಲ್ಲ. ಮಾಮೂಲಿ ದನಿಯಲ್ಲೇ ಹೇಳಿದೆ. ಅವರು ಹೋದರು. ನಾನು ಒಳಗೆ ಬಂದು ಉಳಿದ ಕುಂಡಗಳಿಗೆ ನೀರು ಹಾಕಿದೆ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಕೆಲವು ಬೆಳಿಗ್ಗೆ ಇರುತ್ತದೆ, ಕೆಲವು ಬೆಳಿಗ್ಗೆ ಇರುವುದಿಲ್ಲ.

ಇನ್ನೊಂದು ವಿಷಯ. ದಸರಾದಿಂದ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೇನೆ, ನೆಂಟರ ಹಾಗೆ. ಮುಂದಿನ ಕೋಣೆ ನನಗೆ ಬೇಕು. ಅಲ್ಲಿದ್ದ ಹನ್ನೊಂದು ಕುಂಡಗಳನ್ನು ಮೆಟ್ಟಿಲಿಗೂ ಬಾಲ್ಕನಿಗೂ ಸಾಗಿಸಿದ್ದೇನೆ. ಮಂಚ ನಾಳೆ ಬರುತ್ತದೆ. ನಿಮ್ಮನ್ನು ಕೇಳದೆ ಮಾಡಿದೆ. ಬೇಡವೆನಿಸಿದರೆ ಬರೆಯಿರಿ, ಆದರೆ ಕುಂಡಗಳನ್ನು ನಾನು ವಾಪಸು ಇಡುವುದಿಲ್ಲ.

ಶಿಲ್ಪ


ಬೆಂಗಳೂರು
25 ಜನವರಿ 1999

ಮಗಳೇ,

ನಿನ್ನೆ ಡಾಕ್ಟರು ಅಮ್ಮನನ್ನು ಹೊರಗೆ ಕರೆದು ಹೇಳಲು ಹೊರಟರು. ನಾನು ಸ್ಲೇಟು ಎತ್ತಿ ‘ನನಗೇ ಹೇಳಿ’ ಅಂತ ಬರೆದೆ. ಗಂಟು ಕುಗ್ಗಿದೆ, ಹೋಗಿಲ್ಲ. ಇನ್ನೊಮ್ಮೆ ಕತ್ತರಿಸುವ ಹಾಗಿಲ್ಲ. ಒಂದು ವರ್ಷ ಅನ್ನಬಹುದು, ಒಂದೂವರೆಯೂ ಆಗಬಹುದು, ಅದರಾಚೆಗೆ ಹೇಳಲಾರೆ ಅಂದರು. ಅಮ್ಮ ಅಳುವಷ್ಟು ಅತ್ತಳು. ಈಗ ಕಿತ್ತಳೆ ಸುಲಿಯುತ್ತಿದ್ದಾಳೆ. ನಾನು ಹೆದರಿದ್ದೇನೆ. ಇದನ್ನು ನಿನಗೆ ಬರೆಯದಿದ್ದರೆ ಇನ್ನಾರಿಗೆ ಬರೆಯಲಿ.

ಜರಿಗಿಡ ಹೋಗಲಿ. ಪಟ್ಟಿಯಲ್ಲಿ ನಾನು ಬರೆದದ್ದೇ ತಪ್ಪು.

ಮಹದೇವಪ್ರಸಾದ್ ಬಂದದ್ದನ್ನು ಓದುವಾಗ, ಅಲ್ಲಿ ನಾನಿರಬೇಕಿತ್ತು ಅಂತ ಮೊದಲು ಅನಿಸಿತು. ಆಮೇಲೆ, ಇಲ್ಲದ್ದೇ ಒಳ್ಳೆಯದಾಯಿತು ಅನಿಸಿತು.

ಶನಿವಾರ ಮಧ್ಯಾಹ್ನದ ರೈಲಿಗೆ ಬರುತ್ತೇವೆ.

ಮುಂದಿನ ಕೋಣೆಯ ಬಗ್ಗೆ ನನ್ನ ತಕರಾರಿಲ್ಲ. ಮಂಚವನ್ನು ಪೂರ್ವದ ಕಿಟಕಿಯ ಪಕ್ಕಕ್ಕೇ ಹಾಕಿಸು. ಬೆಳಗಿನ ಬಿಸಿಲು ಬರುವುದು ಅಲ್ಲಿಗೇ. ಎಂಟೂವರೆವರೆಗೂ ಇರುತ್ತದೆ.

ಅಪ್ಪ